ಪೊಟ್ಟಣದ ಮೇಲೆ ಹಲಾಲ್ ಮುದ್ರೆಯಿದೆ. ಒಳಗಿರುವುದು ತಯ್ಯಿಬ್ ಆಗಿದೆಯೇ?

ನಮ್ಮ ಯಾವುದೇ ಊರಿನ ಕಿರಾಣಿ ಅಂಗಡಿಯ ಮುಂದೆ ಒಂದು ನಿಮಿಷ ನಿಂತು ನೋಡಿ. ಅಕ್ಕಿ, ಬೇಳೆ, ಹಿಟ್ಟಿನ ಚೀಲಗಳು ಒಳಗಿನ ಮೂಲೆ ಸೇರಿರುತ್ತವೆ. ಬಾಗಿಲಲ್ಲಿ ತೋರಣದಂತೆ ತೂಗುವುದು ಚಿಪ್ಸ್, ಕುರುಕಲು, ನೂಡಲ್ಸ್, ವೇಫರ್, ಜೆಲ್ಲಿಗಳ ಬಣ್ಣಬಣ್ಣದ ಪೊಟ್ಟಣಗಳು. ಅವುಗಳಲ್ಲಿ ಕೆಲವಂತೂ ಸರಿಯಾಗಿ ಮಗುವಿನ ಕಣ್ಣಿನ ಎತ್ತರಕ್ಕೇ ಇರುತ್ತವೆ. ಟೋಕಿಯೊ, ಸಿಯೋಲ್, ಜಕಾರ್ತ, ಕೌಲಾಲಂಪುರ, ಮುಂಬೈ, ಹೀಗೆ ಏಷ್ಯಾದ ಯಾವ ದೊಡ್ಡ ಪೇಟೆಗೆ ಹೋದರೂ ಇಂದು ಹೆಚ್ಚುಕಡಿಮೆ ಇದೇ ನೋಟ.

ನಮ್ಮ ಕೇಂದ್ರ ಸರಕಾರದ 2024-25ರ ಆರ್ಥಿಕ ಸಮೀಕ್ಷೆಯಲ್ಲಿ ಒಂದು ಲೆಕ್ಕವಿದೆ. ಭಾರತದಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರಗಳ ಬಳಕೆ 2006ರಲ್ಲಿ ಸುಮಾರು 90 ಕೋಟಿ ಡಾಲರ್‌ನಷ್ಟಿತ್ತು. 2019ರ ಹೊತ್ತಿಗೆ ಅದು ಸುಮಾರು 3,790 ಕೋಟಿ ಡಾಲರ್‌ಗೆ ಏರಿತು. ಹದಿಮೂರು ವರ್ಷಗಳಲ್ಲಿ ನಲವತ್ತು ಪಟ್ಟು! ಇದೇ ಅವಧಿಯಲ್ಲಿ ನಮ್ಮ ಮನೆಗಳಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೊಜ್ಜು ಎಷ್ಟು ಹೆಚ್ಚಾದವು ಎಂಬುದು ಎಲ್ಲರಿಗೂ ಗೊತ್ತು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಮಂದಿಗೆ ಮಧುಮೇಹವಿದೆ. ಇನ್ನೂ 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿದ್ದಾರೆ. ಎಲ್ಲ ತಪ್ಪನ್ನೂ ಪೊಟ್ಟಣದ ತಲೆಗೆ ಕಟ್ಟುವುದು ನ್ಯಾಯವಲ್ಲ. ನಡಿಗೆ ಕಡಿಮೆಯಾಗಿದೆ, ನಿದ್ದೆ ಕೆಟ್ಟಿದೆ, ಅನ್ನದ ರಾಶಿಯೂ ದೊಡ್ಡದಿದೆ. ಆದರೂ ಪೊಟ್ಟಣದ ಪಾಲು ಸಣ್ಣದಲ್ಲ.

ಏಷ್ಯಾದ ತಿಂಡಿ ಮಾರುಕಟ್ಟೆಯನ್ನು ಗಮನಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಗ್ರಾಹಕ ಪಟ್ಟು ಹಿಡಿದು ಕೇಳಿದ್ದನ್ನು ಕಂಪೆನಿಗಳು ಕೊಡುತ್ತವೆ. ಏಷ್ಯಾದ ಮುಸ್ಲಿಮರು “ಇದು ಹಲಾಲೇ?” ಎಂದು ಕೇಳಿದರು, ಅದಕ್ಕೆ ಉತ್ತರ ಸಿಕ್ಕಿತು. ಆದರೆ ಪವಿತ್ರ ಕುರ್‌ಆನಿನ ಎರಡನೆಯ ಅಧ್ಯಾಯದ 168ನೇ ವಚನದಲ್ಲಿ ಮಾನವರನ್ನೆಲ್ಲ ಉದ್ದೇಶಿಸಿ ಆಹಾರದ ಬಗ್ಗೆ ಹೇಳುವಾಗ ‘ಹಲಾಲ್’ ಎಂಬ ಪದದ ಜೊತೆಯಲ್ಲೇ ‘ತಯ್ಯಿಬ್’ ಎಂಬ ಪದವೂ ಬಂದಿದೆ. ಶುದ್ಧವಾದದ್ದು, ಒಳ್ಳೆಯದು, ಹಿತವಾದದ್ದು ಎಂಬೆಲ್ಲ ಅರ್ಥಗಳು ಅದಕ್ಕಿವೆ. ಈ ಎರಡನೆಯ ಪ್ರಶ್ನೆಯನ್ನು ನಾವು ಅಂಗಡಿಯವನಲ್ಲೂ ಕೇಳಿಲ್ಲ, ನಮ್ಮನ್ನೂ ಕೇಳಿಕೊಂಡಿಲ್ಲ.

ಐದು ರೂಪಾಯಿಯ ಲೆಕ್ಕ

ತಿಂಡಿ ಮಾರುಕಟ್ಟೆಯ ಮೊದಲ ಸೂತ್ರ ಸಣ್ಣ ಪೊಟ್ಟಣ. ಏಷ್ಯಾದ ಬಹುತೇಕ ದೇಶಗಳಲ್ಲಿ ಕೊಳ್ಳುವವರ ಕೈಯಲ್ಲಿ ಒಮ್ಮೆಗೆ ದೊಡ್ಡ ಮೊತ್ತ ಇರುವುದಿಲ್ಲ, ಚಿಲ್ಲರೆ ಇರುತ್ತದೆ. ಇಂಡೋನೇಶ್ಯ ಮತ್ತು ಫಿಲಿಪ್ಪೀನ್ಸ್‌ನ ಬೀದಿಯಂಗಡಿಗಳಲ್ಲೂ ನಮ್ಮ ಗೂಡಂಗಡಿಗಳಲ್ಲೂ ಅದಕ್ಕೆ ತಕ್ಕ ಪುಟ್ಟ ಪೊಟ್ಟಣಗಳು ಬಂದವು. ನಮ್ಮಲ್ಲಿ ಐದು ಮತ್ತು ಹತ್ತು ರೂಪಾಯಿಯ ಪೊಟ್ಟಣಗಳೇ ಈ ವ್ಯಾಪಾರದ ಬೆನ್ನೆಲುಬು. ಕಚ್ಚಾವಸ್ತುವಿನ ಬೆಲೆ ಏರಿದಾಗ ಕಂಪೆನಿಗಳು ಐದು ರೂಪಾಯಿಯನ್ನು ಆರು ಮಾಡುವುದಿಲ್ಲ. ಒಳಗಿನ ತೂಕವನ್ನು ಕೆಲವು ಗ್ರಾಂ ಇಳಿಸುತ್ತವೆ. ಮಕ್ಕಳು ಬೆಲೆ ನೋಡುತ್ತಾರೆ, ತೂಕ ನೋಡುವುದಿಲ್ಲ.

ಒಂದು ಸರಳ ಲೆಕ್ಕ ಮಾಡಿ. ಐದು ರೂಪಾಯಿಯ ಪೊಟ್ಟಣದಲ್ಲಿ 12 ಗ್ರಾಂ ಚಿಪ್ಸ್ ಇದ್ದರೆ ಕಿಲೋಗೆ 400 ರೂಪಾಯಿಗಿಂತ ಹೆಚ್ಚಾಯಿತು. ನೆಲಗಡಲೆ ಅದರ ಅರ್ಧಕ್ಕೂ ಕಡಿಮೆ ಬೆಲೆಗೆ ಸಿಗುತ್ತದೆ. ಹುರಿಗಡಲೆಯೂ ಅಷ್ಟೆ. ಬಡವರ ಮಕ್ಕಳಿಗೆ ಪೊಟ್ಟಣವೇ ಅಗ್ಗ ಎಂದು ನಾವು ನಂಬಿದ್ದೇವೆ. ನಿಜವಾಗಿ ಅದು ದುಬಾರಿ.

ಇದರಲ್ಲಿ ಇನ್ನೊಂದು ನಷ್ಟವಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.5ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ ಎಂದು ಕಂಡುಬಂತು. ಅದೇ ವಯಸ್ಸಿನಲ್ಲಿ ತೂಕ ಮಿತಿಮೀರಿದ ಮಕ್ಕಳ ಪ್ರಮಾಣ ಹಿಂದಿನ ಸುತ್ತಿನ ಶೇ. 2.1ರಿಂದ ಶೇ. 3.4ಕ್ಕೆ ಏರಿತ್ತು. ಅಂದರೆ ಒಂದೇ ಬೀದಿಯಲ್ಲಿ ಸೊರಗಿದ ಮಗುವೂ ಇದೆ, ಊದಿದ ಮಗುವೂ ಇದೆ. ಸೊರಗಿದ ಮಗುವಿಗೆ ಬೇಕಾದದ್ದು ಪ್ರೊಟೀನ್, ಕಬ್ಬಿಣ, ಸೊಪ್ಪು, ಮೊಟ್ಟೆ. ಐದು ರೂಪಾಯಿಯ ಪೊಟ್ಟಣ ಅದರ ಹಸಿವನ್ನಷ್ಟೇ ಕೊಲ್ಲುತ್ತದೆ. “ಮಗು ಊಟವನ್ನೇ ಮಾಡುವುದಿಲ್ಲ, ಹಸಿವಾಗಲು ಒಂದು ಟಾನಿಕ್ ಕೊಡಿ” ಎಂದು ಕ್ಲಿನಿಕ್‌ಗೆ ಬರುವ ತಾಯಂದಿರಿಗೆ ನಾನು ಮೊದಲು ಕೇಳುವುದು, ಸಂಜೆ ನಾಲ್ಕರಿಂದ ಎಂಟರ ನಡುವೆ ಮಗು ಏನು ತಿಂದಿತು ಎಂದು. ಹೆಚ್ಚಿನ ಸಲ ಮದ್ದು ಆ ಉತ್ತರದಲ್ಲೇ ಇರುತ್ತದೆ.

ಊಟಕ್ಕೂ ತಿಂಡಿಗೂ ಗಡಿ ಅಳಿಸಿದಾಗ

1958ರಲ್ಲಿ ಜಪಾನಿನ ಮೊಮೊಫುಕು ಆಂಡೊ ಎಂಬವರು ಬಿಸಿನೀರು ಸುರಿದರೆ ಸಿದ್ಧವಾಗುವ ನೂಡಲ್ಸ್ ಕಂಡುಹಿಡಿದರು. ಬೇಯಿಸಿದ ಎಳೆಗಳನ್ನು ಎಣ್ಣೆಯಲ್ಲಿ ಕರಿದಾಗ ಒಳಗಿನ ನೀರು ಆರಿಹೋಗಿ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಮತ್ತೆ ಬಿಸಿನೀರು ಬಿದ್ದಾಗ ಆ ರಂಧ್ರಗಳು ಅದನ್ನು ಹೀರುತ್ತವೆ. ಯುದ್ಧಾನಂತರದ ಹಸಿವಿಗೆ ಉತ್ತರವಾಗಿ ಬಂದ ಈ ಆಹಾರ ಇಂದು ಏಷ್ಯಾದ ಮಕ್ಕಳ ಸಂಜೆಯ ತಿಂಡಿ. ವಿಶ್ವ ಇನ್‌ಸ್ಟಂಟ್ ನೂಡಲ್ಸ್ ಸಂಘದ ಲೆಕ್ಕದಂತೆ 2023ರಲ್ಲಿ ಜಗತ್ತಿನಲ್ಲಿ 12,000 ಕೋಟಿಗೂ ಹೆಚ್ಚು ಪೊಟ್ಟಣಗಳು ಖರ್ಚಾದವು. ಮೊದಲ ಸ್ಥಾನ ಚೀನಾದ್ದು, ಎರಡನೆಯದು ಇಂಡೋನೇಶ್ಯದ್ದು, ಮೂರನೆಯದು ಭಾರತದ್ದು. ಕೊಲ್ಲಿಯಲ್ಲಿ ದುಡಿದು ಬಂದ ನಮ್ಮ ಕರಾವಳಿಯ ಕುಟುಂಬಗಳಿಗೆ ಇಂಡೋನೇಶ್ಯದ ‘ಇಂಡೋಮಿ’ ಹೊಸ ಹೆಸರಲ್ಲ. ಸೌದಿಯಲ್ಲಿ ಯಾವ ಕಂಪೆನಿಯ ನೂಡಲ್ಸನ್ನೂ ಜನ ಇಂಡೋಮಿ ಎಂದೇ ಕರೆಯುತ್ತಾರೆ.

ಈಗ ಮೊಬೈಲಿನಲ್ಲಿ ಬೆರಳಾಡಿಸಿದರೆ ಹತ್ತು ನಿಮಿಷದಲ್ಲಿ ತಿಂಡಿ ಬಾಗಿಲಿಗೆ ಬರುತ್ತದೆ. ಬೆಂಗಳೂರಿನಂತಹ ನಗರಗಳಲ್ಲಿ ರಾತ್ರಿ ಹನ್ನೊಂದು ಗಂಟೆಗೂ ಅದು ನಿಂತಿಲ್ಲ. ಹಿಂದೆ ಹಸಿವಾದರೆ ಅಂಗಡಿಗೆ ನಡೆಯಬೇಕಿತ್ತು, ಅಂಗಡಿ ಮುಚ್ಚಿದ್ದರೆ ಸುಮ್ಮನಿರಬೇಕಿತ್ತು. ಆ ಸಣ್ಣ ತಡೆಯೂ ಈಗ ಇಲ್ಲ.

ಯುನಾನಿ ವೈದ್ಯದಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಕಾರಣಗಳನ್ನು ‘ಅಸ್ಬಾಬೆ ಸಿತ್ತ ಝರೂರಿಯ’ ಎನ್ನುತ್ತೇವೆ: ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದದ್ದು ಮತ್ತು ಹೊರಹೋಗಬೇಕಾದದ್ದು. ಇವುಗಳಲ್ಲಿ ಅನ್ನಪಾನದ ಬಗ್ಗೆ ನಮ್ಮ ಹಕೀಮರು ಹೇಳುತ್ತ ಬಂದ ಮುಖ್ಯ ಎಚ್ಚರಿಕೆಯೊಂದಿದೆ. ಹಿಂದಿನ ಆಹಾರ ಜೀರ್ಣವಾಗುವ ಮೊದಲೇ ಅದರ ಮೇಲೆ ಇನ್ನೊಂದನ್ನು ಹಾಕಬೇಡಿ. ಇದಕ್ಕೆ ‘ತದಾಖುಲ್’ ಎಂದು ಹೆಸರು. ಅರ್ಧ ಬೆಂದ ಅನ್ನದ ಪಾತ್ರೆಗೆ ಮತ್ತೆ ಅಕ್ಕಿ ಸುರಿದರೆ ಯಾವುದೂ ಸರಿಯಾಗಿ ಬೇಯುವುದಿಲ್ಲವಲ್ಲ, ಹಾಗೆ. ಇಡೀ ದಿನ ಸ್ವಲ್ಪ ಸ್ವಲ್ಪ ಮೆಲ್ಲುತ್ತಿರಿ ಎಂಬುದು ಇಂದಿನ ತಿಂಡಿ ಜಾಹೀರಾತುಗಳ ಸಂದೇಶ. ಇದು ಸಾವಿರ ವರ್ಷಗಳ ವೈದ್ಯಾನುಭವಕ್ಕೆ ನೇರ ವಿರುದ್ಧ. ಹೊಟ್ಟೆಯ ಮೂರನೇ ಒಂದು ಭಾಗ ಆಹಾರಕ್ಕೆ, ಒಂದು ಭಾಗ ನೀರಿಗೆ, ಒಂದು ಭಾಗ ಉಸಿರಿಗೆ ಎಂಬ ಪ್ರವಾದಿಯವರ(ಸ) ಮಾರ್ಗದರ್ಶನವನ್ನು ನಾವೆಲ್ಲ ಚಿಕ್ಕಂದಿನಲ್ಲೇ ಕಲಿತಿದ್ದೇವೆ. ಅದನ್ನು ಪಾಲಿಸಲು ಮೊದಲು ಹಸಿವು ಎಂದರೇನೆಂದು ದೇಹಕ್ಕೆ ಗೊತ್ತಿರಬೇಕು.

ಖಾರದ ಸವಾಲು

ಕಳೆದ ಹತ್ತು ವರ್ಷಗಳಲ್ಲಿ ಏಷ್ಯಾದ ಯುವಕರ ನಾಲಗೆಯನ್ನು ಆಳುತ್ತಿರುವುದು ಖಾರ. ಚೀನಾದ ‘ಮಾಲಾ’, ಕೊರಿಯಾದ ಕೆಂಪು ಮೆಣಸು, ನಮ್ಮ ಮಸಾಲೆ, ಎಲ್ಲವೂ ಪೊಟ್ಟಣ ಸೇರಿವೆ. ಕೊರಿಯಾದ ಸಾಮ್ಯಾಂಗ್ ಕಂಪೆನಿ 2012ರಲ್ಲಿ ತಂದ ‘ಬುಲ್ಡಕ್’ ನೂಡಲ್ಸ್ ಇದರಲ್ಲಿ ಮುಂದೆ. ಕಣ್ಣೀರು ಸುರಿಸುತ್ತ ಅದನ್ನು ತಿನ್ನುವ ವೀಡಿಯೊಗಳು ಅದನ್ನು ಜಗತ್ತಿಗೆ ಹರಡಿದವು. ಕೊರಿಯಾದ ಧಾರಾವಾಹಿಗಳನ್ನು ನೋಡುವ ನಮ್ಮ ಹೆಣ್ಣುಮಕ್ಕಳಿಗೂ ಅದರ ಕಪ್ಪು ಪೊಟ್ಟಣ ಪರಿಚಿತ. 2024ರ ಜೂನ್‌ನಲ್ಲಿ ಡೆನ್ಮಾರ್ಕಿನ ಆಹಾರ ಇಲಾಖೆ ಅದರ ಮೂರು ಬಗೆಗಳನ್ನು ಅಂಗಡಿಗಳಿಂದ ಹಿಂದಕ್ಕೆ ಕರೆಸಿತು. ಮೆಣಸಿನ ಖಾರದ ಅಂಶವಾದ ಕ್ಯಾಪ್ಸೈಸಿನ್ ಮಕ್ಕಳಿಗೆ ಅಪಾಯ ತರುವಷ್ಟಿದೆ ಎಂಬುದು ಅದರ ಕಾರಣ. ಮರು ಪರಿಶೀಲನೆಯ ಬಳಿಕ ಎರಡು ಬಗೆಗಳಿಗೆ ಮತ್ತೆ ಅನುಮತಿ ಸಿಕ್ಕಿತು.

ಖಾರ ವಿಷವಲ್ಲ. ಮೆಣಸು, ಶುಂಠಿ, ಕರಿಮೆಣಸು ನಮ್ಮ ಅಡುಗೆಯಲ್ಲೂ ಇವೆ, ಯುನಾನಿ ಔಷಧಗಳಲ್ಲೂ ಇವೆ. ಆದರೆ ಮನೆಯ ಸಾರಿನ ಖಾರದ ಜೊತೆ ಅನ್ನ, ಬೇಳೆ, ತರಕಾರಿ, ಮಜ್ಜಿಗೆ ಇರುತ್ತವೆ. ಪೊಟ್ಟಣದಲ್ಲಿ ಖಾರದ ಜೊತೆಗಿರುವುದು ಮೈದಾ, ಎಣ್ಣೆ ಮತ್ತು ಉಪ್ಪು. ನಮ್ಮ ಪರಿಭಾಷೆಯಲ್ಲಿ ಇದು ಉಷ್ಣವೂ ಶುಷ್ಕವೂ ಆದ ಆಹಾರ. ಬೆಳೆಯುವ ವಯಸ್ಸಿನಲ್ಲಿ ದಿನವೂ ಇದನ್ನೇ ತಿಂದರೆ ಎದೆಯುರಿ, ಬಾಯಿಹುಣ್ಣು, ಮಲಬದ್ಧತೆ ತಪ್ಪಿದ್ದಲ್ಲ. ನಾರಿನಂಶ ಇಲ್ಲದ ಆಹಾರದಿಂದ ಮಲ ಗಟ್ಟಿಯಾಗುತ್ತದೆ ಎಂದು ಆಧುನಿಕ ವೈದ್ಯವೂ ಹೇಳುತ್ತದೆ. ಖಾರವಾದ ಮೇಲೆ ಮಗು ಕೇಳುವುದು ತಂಪು ಪಾನೀಯ. ಹೀಗೆ ಒಂದು ಪೊಟ್ಟಣ ಇನ್ನೊಂದು ಬಾಟಲಿಯನ್ನು ಮಾರುತ್ತದೆ.

ಮುದ್ರೆ ಕೇಳಿದವರು, ಮುದ್ರೆ ಪಡೆದವರು

ಜಗತ್ತಿನ ಮುಸ್ಲಿಮರಲ್ಲಿ ಹೆಚ್ಚಿನವರು ಏಷ್ಯಾದಲ್ಲಿದ್ದಾರೆ. ತಿಂಡಿ ಕಂಪೆನಿಗಳಿಗೆ ಇದು ಚೆನ್ನಾಗಿ ಗೊತ್ತು. ಮಲೇಶ್ಯದಲ್ಲಿ ಸರಕಾರದ ವತಿಯಿಂದ ಹಲಾಲ್ ಪ್ರಮಾಣಪತ್ರ ಕೊಡುವ ಕ್ರಮ 1974ರಲ್ಲೇ ಶುರುವಾಯಿತು. ಇಂಡೋನೇಶ್ಯ 2014ರಲ್ಲಿ ಹಲಾಲ್ ಕಾನೂನು ಮಾಡಿತು. 2024ರ ಅಕ್ಟೋಬರ್‌ನಿಂದ ಅಲ್ಲಿನ ದೊಡ್ಡ ಮತ್ತು ಮಧ್ಯಮ ಗಾತ್ರದ ಆಹಾರ ಉದ್ದಿಮೆಗಳಿಗೆ ಪ್ರಮಾಣಪತ್ರ ಕಡ್ಡಾಯವಾಯಿತು. ಸಣ್ಣ ಉದ್ದಿಮೆಗಳಿಗೂ ಹೊರದೇಶಗಳಿಂದ ಬರುವ ಆಹಾರಕ್ಕೂ 2026ರ ಅಕ್ಟೋಬರ್ ವರೆಗೆ ಸಮಯ ಕೊಡಲಾಯಿತು. ಹೀಗಾಗಿ ಮುಸ್ಲಿಮರು ತೀರಾ ಕಡಿಮೆ ಇರುವ ಕೊರಿಯಾ, ಜಪಾನ್‌ಗಳ ಕಂಪೆನಿಗಳೂ ತಮ್ಮ ನೂಡಲ್ಸ್ ಮತ್ತು ಸಿಹಿತಿಂಡಿಗಳನ್ನು ಹಲಾಲ್ ಮಾಡಿ ಮಾರುತ್ತಿವೆ. ಗ್ರಾಹಕರ ಒತ್ತಾಯಕ್ಕೆ ಎಷ್ಟು ಬಲವಿದೆ ನೋಡಿ.

ಆದರೆ ಮುದ್ರೆ ಇದ್ದ ಮಾತ್ರಕ್ಕೆ ಕಣ್ಣು ಮುಚ್ಚುವಂತಿಲ್ಲ. 2025ರ ಏಪ್ರಿಲ್‌ನಲ್ಲಿ ಇಂಡೋನೇಶ್ಯದ ಹಲಾಲ್ ಮತ್ತು ಆಹಾರ ಇಲಾಖೆಗಳು ಪರೀಕ್ಷೆ ನಡೆಸಿದಾಗ ಒಂಬತ್ತು ಉತ್ಪನ್ನಗಳಲ್ಲಿ ಹಂದಿಯ ಅಂಶ ಪತ್ತೆಯಾಯಿತು. ಹೆಚ್ಚಿನವು ಮಕ್ಕಳು ಇಷ್ಟಪಡುವ ಮಾರ್ಶ್‌ಮ್ಯಾಲೊಗಳು. ಆ ಒಂಬತ್ತರಲ್ಲಿ ಏಳಕ್ಕೆ ಹಲಾಲ್ ಪ್ರಮಾಣಪತ್ರವಿತ್ತು! ಅವುಗಳನ್ನು ಮಾರುಕಟ್ಟೆಯಿಂದ ಹಿಂಪಡೆಯಲಾಯಿತು. ಮಾರ್ಶ್‌ಮ್ಯಾಲೊ, ಜೆಲ್ಲಿ, ಗಮ್ಮಿಗಳಿಗೆ ಮೃದುತ್ವ ಕೊಡುವುದು ಜೆಲಾಟಿನ್. ಅದನ್ನು ಪ್ರಾಣಿಗಳ ಚರ್ಮ ಮತ್ತು ಮೂಳೆಯಿಂದ ತೆಗೆಯುತ್ತಾರೆ. ಹೊರದೇಶದಿಂದ ತಂದ ಇಂತಹ ಮಿಠಾಯಿಗಳಲ್ಲಿ ಅದು ಯಾವ ಪ್ರಾಣಿಯದ್ದೆಂದು ತಿಳಿಯದಿದ್ದರೆ ಬಿಟ್ಟುಬಿಡುವುದೇ ಒಳ್ಳೆಯದು.

ಇನ್ನೊಂದು ಕಡೆ ವಾಟ್ಸ್ಆ್ಯಪ್‌ನಲ್ಲಿ ‘ಈ ನಂಬರು ಕಂಡರೆ ಹಂದಿ ಕೊಬ್ಬು’ ಎಂಬ ಪಟ್ಟಿಗಳು ವರ್ಷಕ್ಕೊಮ್ಮೆ ತಿರುಗುತ್ತವೆ. ವಿಷಯವನ್ನು ಸರಿಯಾಗಿ ತಿಳಿದುಕೊಳ್ಳೋಣ. 120 ಎಂಬ ಸಂಖ್ಯೆ ಕಾರ್ಮೈನ್ ಎಂಬ ಕೆಂಪು ಬಣ್ಣದ್ದು, ಅದನ್ನು ಒಂದು ಬಗೆಯ ಕೀಟದಿಂದ ತೆಗೆಯುತ್ತಾರೆ. 471 ಎಂಬುದು ಎಣ್ಣೆ ಮತ್ತು ನೀರನ್ನು ಬೆರೆಸುವ ವಸ್ತು, ಅದು ಸಸ್ಯದಿಂದಲೂ ಬರಬಹುದು, ಪ್ರಾಣಿಯಿಂದಲೂ ಬರಬಹುದು. ರುಚಿ ಹೆಚ್ಚಿಸುವ 631 ಕೂಡ ಹಾಗೆಯೇ. ಸಂಖ್ಯೆ ಮೂಲವನ್ನು ಹೇಳುವುದಿಲ್ಲ. ಭಾರತದಲ್ಲಿ ತಯಾರಾದ ಪೊಟ್ಟಣದಲ್ಲಿ ಹಸಿರು ಚುಕ್ಕಿ ಇದ್ದರೆ ಕಾನೂನಿನ ಪ್ರಕಾರ ಅದರಲ್ಲಿ ಪ್ರಾಣಿಜನ್ಯ ಕೊಬ್ಬು, ಜೆಲಾಟಿನ್ ಇರುವಂತಿಲ್ಲ. ಹಾಲು, ಜೇನಿನಂತಹವುಗಳಿಗೆ ವಿನಾಯಿತಿ ಇದೆ. ಆದ್ದರಿಂದ ಹಸಿರು ಚುಕ್ಕಿಯ ಚಿಪ್ಸಿನಲ್ಲಿ ಹಂದಿ ಕೊಬ್ಬನ್ನು ಹುಡುಕುತ್ತ ಕೂರಬೇಕಿಲ್ಲ. ಮದ್ಯಸಾರ ಬೆರೆಸಿದ ಸುವಾಸನೆಯಂತಹ ಸೂಕ್ಷ್ಮ ಪ್ರಶ್ನೆಗಳಿದ್ದರೆ ವಿದ್ವಾಂಸರನ್ನು ಕೇಳಿ.

ಇಷ್ಟೆಲ್ಲ ಕಾಳಜಿ ವಹಿಸುವ ನಾವು ಅದೇ ಪೊಟ್ಟಣದ ಹಿಂಬದಿಯಲ್ಲಿ ಉಪ್ಪು ಎಷ್ಟಿದೆ, ಎಣ್ಣೆ ಎಷ್ಟಿದೆ ಎಂದು ನೋಡುವುದಿಲ್ಲ. ಹಲಾಲ್ ಮುದ್ರೆ ಕೊಡುವವರು ಆಹಾರದ ಮೂಲವನ್ನು, ಶುದ್ಧಿಯನ್ನು ಪರಿಶೀಲಿಸುತ್ತಾರೆ. ಅದು ನಿಮ್ಮ ಮಗುವಿನ ರಕ್ತನಾಳಕ್ಕೆ ಒಳ್ಳೆಯದು ಎಂದು ಅವರು ಹೇಳಿಲ್ಲ. ಅದನ್ನು ನೋಡುವ ಹೊಣೆ ಮನೆಯವರದ್ದು.

‘ಆರೋಗ್ಯಕರ’ ಎಂಬ ಹೊಸ ಮಸಾಲೆ

ಕೊರೋನಾ ಕಾಲದ ನಂತರ ಏಷ್ಯಾದ ಗ್ರಾಹಕರಲ್ಲಿ ಆರೋಗ್ಯದ ಮೇಲೆ ಗಮನ ಹೆಚ್ಚಿದೆ. ಇದು ಸಂತೋಷದ ವಿಷಯ. ಕಂಪೆನಿಗಳು ಇದನ್ನೂ ಕೇಳಿಸಿಕೊಂಡಿವೆ. ಥಾಯ್ಲೆಂಡ್, ಕೊರಿಯಾಗಳ ಸಮುದ್ರಪಾಚಿಯ ತಿಂಡಿ, ಬಿಹಾರದ ಮಖಾನ, ನಮ್ಮ ರಾಗಿ-ಜೋಳದ ಚಿಪ್ಸ್ ಎಲ್ಲವೂ ಹೊಳೆಯುವ ಪೊಟ್ಟಣದಲ್ಲಿ ಬರುತ್ತಿವೆ. 2022ರಲ್ಲಿ ‘ಮಿಥಿಲಾ ಮಖಾನ’ಕ್ಕೆ ಭೌಗೋಳಿಕ ಗುರುತು ಸಿಕ್ಕಿತು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಇವೆಲ್ಲ ಒಳ್ಳೆಯ ಧಾನ್ಯಗಳೇ, ಅನುಮಾನವಿಲ್ಲ.

ಆದರೆ ‘ಮಲ್ಟಿಗ್ರೇನ್’ ಎಂದು ಮುಂಭಾಗದಲ್ಲಿ ದೊಡ್ಡದಾಗಿ ಬರೆದ ಪೊಟ್ಟಣವನ್ನು ತಿರುಗಿಸಿ ಓದಿ. ಕಾನೂನಿನಂತೆ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಅಕ್ಕಿಹಿಟ್ಟು, ಜೋಳದ ಪಿಷ್ಟ, ಪಾಮೊಲೀನ್ ಎಣ್ಣೆ ಇವೆಲ್ಲ ಮೊದಲು ಬಂದು ರಾಗಿ ಕೊನೆಗೆ ಬಂದಿದ್ದರೆ, ಅದು ರಾಗಿಯ ಹೆಸರಿನಲ್ಲಿ ಎಣ್ಣೆ ಮಾರುವ ವ್ಯಾಪಾರ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಬೋರ್ನ್‌ವಿಟಾ ಮತ್ತು ಅಂತಹ ಪಾನೀಯಗಳನ್ನು ‘ಆರೋಗ್ಯ ಪೇಯ’ ಎಂಬ ವಿಭಾಗದಿಂದ ತೆಗೆಯುವಂತೆ ಆನ್‌ಲೈನ್ ಅಂಗಡಿಗಳಿಗೆ ಸೂಚಿಸಿತು. ಆಹಾರ ಕಾನೂನಿನಲ್ಲಿ ‘ಆರೋಗ್ಯ ಪೇಯ’ ಎಂಬುದಕ್ಕೆ ವ್ಯಾಖ್ಯೆಯೇ ಇಲ್ಲ. ಆದರೂ ಎಷ್ಟೋ ವರ್ಷ ತಾಯಂದಿರು ಆ ನಂಬಿಕೆಯಲ್ಲೇ ಕೊಂಡರು.

ಎಣ್ಣೆಯ ಬಗ್ಗೆಯೂ ಒಂದು ಮಾತು. ಜಗತ್ತಿನ ತಾಳೆ ಎಣ್ಣೆಯ ಬಹುಪಾಲು ಇಂಡೋನೇಶ್ಯ ಮತ್ತು ಮಲೇಶ್ಯದಿಂದ ಬರುತ್ತದೆ. ಅದು ಅಗ್ಗ, ಬೇಗ ಕಮಟುವುದಿಲ್ಲ, ತಿಂಡಿ ತಿಂಗಳುಗಟ್ಟಲೆ ಗರಿಗರಿಯಾಗಿರುತ್ತದೆ. ಅದರ ಕೊಬ್ಬಿನಲ್ಲಿ ಸುಮಾರು ಅರ್ಧದಷ್ಟು ಸ್ಯಾಚುರೇಟೆಡ್ ಬಗೆಯದು. ಇದು ಹೆಚ್ಚಾದರೆ ರಕ್ತದಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಏರುತ್ತದೆ. ವನಸ್ಪತಿಯಲ್ಲಿದ್ದ ಟ್ರಾನ್ಸ್ ಕೊಬ್ಬು ಇದಕ್ಕಿಂತಲೂ ಕೆಟ್ಟದ್ದಾಗಿತ್ತು. 2022ರ ಜನವರಿಯಿಂದ ಅದಕ್ಕೆ ನಮ್ಮಲ್ಲಿ ಶೇ. 2ರ ಮಿತಿ ಇರುವುದು ಒಳ್ಳೆಯ ಬೆಳವಣಿಗೆ.

ನೆರೆಯವರು ಏನು ಮಾಡಿದರು?

ಏಷ್ಯಾದ ಕೆಲವು ಸರಕಾರಗಳು ಗ್ರಾಹಕನಿಗೆ ನೆರವಾಗಿವೆ. ಶ್ರೀಲಂಕಾ 2016ರಲ್ಲಿ ತಂಪು ಪಾನೀಯಗಳ ಮೇಲೆ ಸಕ್ಕರೆಯ ಪ್ರಮಾಣ ತಿಳಿಸಲು ಕೆಂಪು, ಹಳದಿ, ಹಸಿರು ಗುರುತು ತಂದಿತು. ಓದು ಬಾರದವರಿಗೂ ಅದು ಅರ್ಥವಾಗುತ್ತದೆ. ಥಾಯ್ಲೆಂಡ್ 2017ರಲ್ಲಿ, ಮಲೇಶ್ಯ 2019ರಲ್ಲಿ ಸಿಹಿ ಪಾನೀಯಗಳಿಗೆ ತೆರಿಗೆ ಹಾಕಿದವು. ಸಿಂಗಾಪುರದಲ್ಲಿ 2022ರ ಡಿಸೆಂಬರ್ ಕೊನೆಯಿಂದ ಪಾನೀಯಗಳಿಗೆ ‘ಎ’ಯಿಂದ ‘ಡಿ’ವರೆಗೆ ದರ್ಜೆ ಇದೆ. ‘ಡಿ’ ದರ್ಜೆಯವುಗಳ ಜಾಹೀರಾತಿಗೆ ನಿಷೇಧವಿದೆ. ಈ ಕ್ರಮವನ್ನು ಉಪ್ಪು ಹೆಚ್ಚಿರುವ ಸಾಸ್, ನೂಡಲ್ಸ್‌ಗಳಿಗೂ ವಿಸ್ತರಿಸಲು ಆ ದೇಶ ನಿರ್ಧರಿಸಿದೆ.

ನಮ್ಮ ಕರ್ನಾಟಕವೂ ಸುಮ್ಮನೆ ಕುಳಿತಿಲ್ಲ. 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಬಣ್ಣಕ್ಕಾಗಿ ರೋಡಮೈನ್-ಬಿ ಬಳಸುವುದನ್ನು ರಾಜ್ಯ ಸರಕಾರ ನಿಷೇಧಿಸಿತು. ಜೂನ್‌ನಲ್ಲಿ ಕಬಾಬ್‌ಗಳಿಗೆ ಕೃತಕ ಬಣ್ಣ ಹಾಕುವುದೂ ನಿಷೇಧವಾಯಿತು. ನಮ್ಮ ಮಸೀದಿ ಬೀದಿಗಳ ಸಂಜೆಯ ಅಂಗಡಿಗಳು ಇದನ್ನು ಪಾಲಿಸುತ್ತಿವೆಯೇ ಎಂದು ಕೇಳುವ ಹಕ್ಕು ಗ್ರಾಹಕರಾದ ನಮಗಿದೆ. ಕೆಂಪಗೆ ಹೊಳೆಯುವ ಕಬಾಬ್ ಬೇಡ, ಬಣ್ಣ ಹಾಕದ್ದು ಕೊಡಿ ಎಂದು ನಾಲ್ಕು ಮಂದಿ ಕೇಳಿದರೆ ಐದನೆಯವನಿಗೆ ಅದು ತಾನಾಗಿ ಸಿಗುತ್ತದೆ.

ಇನ್ನು 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಗಿ ನೂಡಲ್ಸ್, ಬಿಸ್ಕತ್ತು, ಚಾಕಲೇಟು, ಖಾರದ ಕುರುಕಲುಗಳ ತೆರಿಗೆ ಶೇ. 5ಕ್ಕೆ ಇಳಿದಿದೆ. ಸಕ್ಕರೆ ಬೆರೆಸಿದ ಗ್ಯಾಸ್ ಪಾನೀಯಗಳಿಗೆ ಶೇ. 40 ಆಗಿದೆ. ಅಂದರೆ ಪೊಟ್ಟಣದ ತಿಂಡಿ ಇನ್ನಷ್ಟು ಕೈಗೆಟುಕಲಿದೆ. ಹಾಗಾಗಿ ಓದಿ ಕೊಳ್ಳುವ ಅಭ್ಯಾಸ ಈಗ ಹೆಚ್ಚು ಅಗತ್ಯ.

ಪೊಟ್ಟಣವನ್ನು ಹೀಗೆ ಓದಿ

ಮುಂಭಾಗ ಜಾಹೀರಾತು. ಓದಬೇಕಾದದ್ದು ಹಿಂಭಾಗ. ನಾಲ್ಕು ವಿಷಯ ನೋಡಿದರೆ ಸಾಕು.

ಒಂದು, ಪದಾರ್ಥಗಳ ಪಟ್ಟಿಯ ಮೊದಲ ಮೂರು ಹೆಸರು. ಮೈದಾ, ಎಣ್ಣೆ, ಸಕ್ಕರೆ ಇವೇ ಮೂರಿದ್ದರೆ ಅದು ಅಪರೂಪಕ್ಕೆ ತಿನ್ನುವ ವಸ್ತು. ದಿನದ ತಿಂಡಿಯಲ್ಲ.

ಎರಡು, ಸೋಡಿಯಂ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಪ್ರಮಾಣ ಸಿಗುತ್ತದೆ. 800 ಮಿಲಿಗ್ರಾಂ ಸೋಡಿಯಂ ಎಂದರೆ 2 ಗ್ರಾಂ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೇ ಇಡೀ ದಿನಕ್ಕೆ 5 ಗ್ರಾಂ ಒಳಗಿರಬೇಕು. ಮಕ್ಕಳಿಗೆ ಇನ್ನೂ ಕಡಿಮೆ.

ಮೂರು, ಸೇರಿಸಿದ ಸಕ್ಕರೆ. 4 ಗ್ರಾಂ ಎಂದರೆ ಸುಮಾರು ಒಂದು ಚಮಚ. ದಿನಕ್ಕೆ ಆರು ಚಮಚ ಮೀರದಿರುವುದು ಉತ್ತಮ. ನಮ್ಮ ಚಹಾ, ಶರಬತ್ತಿನ ಸಕ್ಕರೆಯೂ ಈ ಲೆಕ್ಕಕ್ಕೆ ಸೇರುತ್ತದೆ.

ನಾಲ್ಕು, ಲೆಕ್ಕ ಯಾವುದಕ್ಕೆ ಕೊಟ್ಟಿದ್ದಾರೆ ಎಂಬುದು. ‘100 ಗ್ರಾಂಗೆ’ ಎಂದೋ ‘ಒಂದು ಬಾರಿಗೆ’ ಎಂದೋ ಬರೆದಿರುತ್ತಾರೆ. ಪೊಟ್ಟಣದಲ್ಲಿ 60 ಗ್ರಾಂ ಇದ್ದು, ‘ಒಂದು ಬಾರಿ’ ಎಂದರೆ 20 ಗ್ರಾಂ ಎಂದಿದ್ದರೆ, ಇಡೀ ಪೊಟ್ಟಣ ತಿಂದವರು ಎಲ್ಲವನ್ನೂ ಮೂರರಿಂದ ಗುಣಿಸಬೇಕು.

ಹತ್ತು ವರ್ಷ ದಾಟಿದ ಮಕ್ಕಳಿಗೆ ಈ ಗುಣಾಕಾರವನ್ನು ಅಂಗಡಿಯಲ್ಲೇ ಮಾಡಲು ಹೇಳಿ. ಬೇಡವೆಂದು ಬೈಯುವುದಕ್ಕಿಂತ ಅದು ಚೆನ್ನಾಗಿ ಕೆಲಸ ಮಾಡುತ್ತದೆ.

ಮನೆಯ ಡಬ್ಬಿ ತುಂಬಿರಲಿ

ಇಂಡೋನೇಶ್ಯದಲ್ಲಿ ಈದ್ ಬಂದರೆ ‘ಖೋಂಗ್ ಗ್ವಾನ್’ ಬಿಸ್ಕತ್ತಿನ ಕೆಂಪು ಡಬ್ಬಿ ಅತಿಥಿಗಳ ಮುಂದೆ ಇರುವುದು ವಾಡಿಕೆ. ಬಿಸ್ಕತ್ತು ಮುಗಿದ ಮೇಲೆ ಅದೇ ಡಬ್ಬಿಯಲ್ಲಿ ಮನೆಯವರು ‘ರೆಂಗಿನಾಂಗ್’ ಎಂಬ ಅಕ್ಕಿಯ ಹಪ್ಪಳ ತುಂಬಿಸಿಡುತ್ತಾರೆ. ಬಿಸ್ಕತ್ತಿನ ಆಸೆಯಿಂದ ಮುಚ್ಚಳ ತೆರೆದವರಿಗೆ ಹಪ್ಪಳ ಸಿಕ್ಕುವುದು ಅಲ್ಲಿ ಹಳೆಯ ತಮಾಷೆ. ನನಗೆ ಇದರಲ್ಲಿ ಒಂದು ಉಪಾಯ ಕಾಣುತ್ತದೆ. ಹಸಿದ ಮಗು ಕೈಗೆ ಮೊದಲು ಸಿಕ್ಕಿದ್ದನ್ನು ತಿನ್ನುತ್ತದೆ. ಮೊದಲು ಸಿಗುವ ಡಬ್ಬಿಯಲ್ಲಿ ಒಳ್ಳೆಯದಿರಲಿ.

ಹುರಿಗಡಲೆ, ಹುರಿದ ನೆಲಗಡಲೆ, ಸ್ವಲ್ಪವೇ ಎಣ್ಣೆಯಲ್ಲಿ ಒಗ್ಗರಿಸಿದ ಮಂಡಕ್ಕಿ ಅಥವಾ ಅವಲಕ್ಕಿ, ಬೇಯಿಸಿದ ಕಡಲೆಯ ಉಸ್ಲಿ, ಹಬೆಯಲ್ಲಿ ಬೇಯಿಸಿದ ನೇಂದ್ರಬಾಳೆ, ಬೇಯಿಸಿದ ಮೊಟ್ಟೆ, ಸಿಹಿಗೆಣಸು, ರಾಗಿ ಹುರಿಹಿಟ್ಟು, ಎರಡು ಮೂರು ಖರ್ಜೂರ, ಋತುವಿನ ಹಣ್ಣು: ಇವುಗಳಲ್ಲಿ ಯಾವುದಾದರೂ ಒಂದು ಸಂಜೆಗೆ ಸಾಕು. ನಾಲ್ಕೈದು ವರ್ಷದೊಳಗಿನ ಮಕ್ಕಳಿಗೆ ಇಡೀ ಕಡಲೆ, ಬೀಜಗಳನ್ನು ಕೊಡಬೇಡಿ, ಗಂಟಲಲ್ಲಿ ಸಿಲುಕಬಹುದು. ಪುಡಿ ಮಾಡಿ ಕೊಡಿ. ಮಧುಮೇಹಿಗಳು ಖರ್ಜೂರವನ್ನೂ ಸಕ್ಕರೆಯ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಸುನ್ನತ್ ಎಂದು ಹತ್ತು ತಿಂದರೆ ರಕ್ತದ ಸಕ್ಕರೆ ಸುಮ್ಮನಿರುವುದಿಲ್ಲ.

ಪೂರ್ತಿ ನಿಷೇಧ ಹೇರಬೇಡಿ. ಕದ್ದು ತಿನ್ನುವ ಅಭ್ಯಾಸ ಇನ್ನೂ ಕೆಟ್ಟದ್ದು. ವಾರಕ್ಕೊಂದು ದಿನ ಗೊತ್ತು ಮಾಡಿ, ಅಂದು ಮಗು ತನಗೆ ಬೇಕಾದ ಒಂದು ಪೊಟ್ಟಣ ಆರಿಸಲಿ. ನೂಡಲ್ಸ್ ಮಾಡಿದರೆ ಮಸಾಲೆ ಪುಡಿಯನ್ನು ಅರ್ಧವೇ ಹಾಕಿ, ಕ್ಯಾರೆಟ್, ಬಟಾಣಿ, ಮೊಟ್ಟೆ ಸೇರಿಸಿ. ಉಪ್ಪು ಕಡಿಮೆಯಾಗುತ್ತದೆ, ಹೊಟ್ಟೆಗೂ ಏನಾದರೂ ಸಿಗುತ್ತದೆ.

ಸಮುದಾಯವಾಗಿಯೂ ನಾವು ಮಾಡಬಹುದಾದದ್ದಿದೆ. 2020ರ ಆಹಾರ ಸುರಕ್ಷತಾ ನಿಯಮಗಳಂತೆ ಶಾಲೆಯ ಆವರಣದಲ್ಲೂ ಗೇಟಿನಿಂದ 50 ಮೀಟರ್ ಒಳಗೂ ಉಪ್ಪು, ಸಕ್ಕರೆ, ಕೊಬ್ಬು ಹೆಚ್ಚಿರುವ ತಿಂಡಿ ಮಾರುವಂತಿಲ್ಲ. ಇದೇ ಕಟ್ಟುಪಾಡನ್ನು ಜಮಾಅತ್‌ಗಳು ತಮ್ಮ ಮದ್ರಸಗಳಿಗೆ ತಾವಾಗಿಯೇ ಅಳವಡಿಸಿಕೊಳ್ಳಬಹುದು. ಮದ್ರಸದ ಕಾರ್ಯಕ್ರಮಗಳಲ್ಲಿ ಮಕ್ಕಳಿಗೆ ಹಂಚುವ ಚಿಪ್ಸ್ ಮತ್ತು ಬಣ್ಣದ ಪಾನೀಯದ ಬದಲು ಬಾಳೆಹಣ್ಣು, ಕಡಲೆ ಚಿಕ್ಕಿ, ಮಜ್ಜಿಗೆ ಕೊಡಬಹುದು. ರಮಝಾನಿನ ಸಾಮೂಹಿಕ ಇಫ್ತಾರ್‌ನಲ್ಲಿ ಖರ್ಜೂರ, ನೀರು, ಹಣ್ಣು, ಗಂಜಿ ಮೊದಲು ಬರಲಿ, ಕರಿದದ್ದು ಕೊನೆಗೆ ಒಂದೇ ಇರಲಿ. ಖತೀಬರು ವರ್ಷಕ್ಕೊಂದು ಖುತ್ಬಾದಲ್ಲಿ ತಯ್ಯಿಬ್ ಎಂಬ ಪದವನ್ನು ವಿವರಿಸಿದರೆ, ಅದು ನನ್ನಂತಹ ವೈದ್ಯರು ನೂರು ಚೀಟಿ ಬರೆಯುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ಕಂಪೆನಿಗಳನ್ನು ಬೈದು ಪ್ರಯೋಜನವಿಲ್ಲ. ಅವು ನಮ್ಮ ಮಾತನ್ನು ಕೇಳುತ್ತವೆ ಎಂಬುದಕ್ಕೆ ಕೊರಿಯಾದ ಪೊಟ್ಟಣದ ಮೇಲಿರುವ ಹಲಾಲ್ ಮುದ್ರೆಯೇ ಸಾಕ್ಷಿ. ಉಪ್ಪು ಕಡಿಮೆ ಇರುವುದನ್ನು, ಬಣ್ಣ ಇಲ್ಲದ್ದನ್ನು, ನಿಜವಾದ ಧಾನ್ಯದ್ದನ್ನು ನಾವು ಕೇಳಿ ಕೊಳ್ಳತೊಡಗಿದರೆ ಅದೂ ಬರುತ್ತದೆ. ಅಲ್ಲಿಯ ವರೆಗೆ ಪೊಟ್ಟಣ ತಿರುಗಿಸಿ ಓದುವ ಕೆಲಸ ನಮ್ಮದು. ಈ ವಾರ ಮನೆಗೆ ಬರುವ ಮೊದಲ ಪೊಟ್ಟಣದಿಂದಲೇ ಶುರು ಮಾಡಿ.